ಮೂರು ಸಲ ಕರೆಯಲಿ

ದೊಡ್ಡಮ್ಮನ ಬಲಗಿವಿ ಸದಾ ಬೀದಿ ಬಾಗಿಲ ಕಡೆಗೇ ತಿರುಗಿರುತ್ತಿತ್ತು. ಓಲೆ ತೆಗೆದ ಮೇಲೆ ತೂತು ಜೋತುಬಿದ್ದ ಕಿವಿ. ಊಟಕ್ಕೆ ಕೂತರೂ, ಬತ್ತಿ ಹೊಸೆಯುತ್ತಿದ್ದರೂ ಆ ಕಿವಿ ಮಾತ್ರ ನಮ್ಮ ಜೊತೆಗಿರುತ್ತಿರಲಿಲ್ಲ.

ಅವರು ನನ್ನ ಸ್ವಂತ ದೊಡ್ಡಮ್ಮನಲ್ಲ, ಪಕ್ಕದ ಮನೆಯವರು. ಮದುವೆಯಾಗಿ ನಾನು ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ಸಾರಕ್ಕಿ ಕಡೆಯಿಂದ ನರಿ ಕೂಗುತ್ತಿತ್ತು. ನನ್ನ ಯಜಮಾನರು ಆಫೀಸಿನಿಂದ ಬರುವವರೆಗೂ ನಾನು ಅವರ ಮನೆಯಲ್ಲೇ. ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತ ದೆವ್ವದ ಕಥೆ ಹೇಳುತ್ತಿದ್ದರು. ಅಬ್ಬಾ, ಅದೇನು ಹೇಳುವ ಚೆಂದ! ದೆವ್ವವನ್ನು ಮಾತ್ರ ಒಮ್ಮೆಯೂ ಕಣ್ಣಿಗೆ ತೋರಿಸುತ್ತಿರಲಿಲ್ಲ. "ದೆವ್ವ ತೋರಿಸಿದ್ರೆ ನಗು ಬರುತ್ತೆ ಕಣೇ. ಚಿಲಕ ಅಲ್ಲಾಡ್ತು ಅನ್ನು, ಸಾಕು" ಎನ್ನುತ್ತಿದ್ದರು. ಮುಂದೆ ನಾನು ವಾರಪತ್ರಿಕೆಗಳಿಗೆ ಭಯದ ಕಥೆ ಬರೆದು ನಾಲ್ಕು ಜನಕ್ಕೆ ಗೊತ್ತಾದದ್ದು ಆ ಒಂದು ಮಾತಿನಿಂದ.

ಅವರ ಕಥೆಗಳಲ್ಲೆಲ್ಲ ಒಂದು ಕಟ್ಟಳೆ ಇತ್ತು. ಹೊತ್ತು ಮುಳುಗಿದ ಮೇಲೆ ದೆವ್ವ ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಆದರೆ ಒಂದೇ ಸಲ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಅದಕ್ಕೇ ಮೊದಲ ಕರೆಗೆ ಓಗೊಡಬಾರದು, ಬಾಗಿಲು ತೆಗೆಯಬಾರದು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದನ್ನು ಹೇಳುತ್ತಿದ್ದರು. ದೊಡ್ಡಮ್ಮ ಪಾಲಿಸುತ್ತಲೂ ಇದ್ದರು. ಅವರ ಯಜಮಾನರು, ರಾಯರು, ಮೂರು ಸಲ "ಇವಳೇ" ಎಂದು ಕೂಗಿ, "ದೆವ್ವ ಅಲ್ಲ ಕಣೇ, ನಿನ್ನ ಗಂಡ. ತೆಗಿಯೇ ತಾಯಿ" ಎಂದು ಹೊರಗೇ ನಿಂತು ನಗುತ್ತಿದ್ದರು.

ಆ ಅಮಾವಾಸ್ಯೆಯಂದು ರಾಯರು ತುಮಕೂರಿನ ತಂಗಿ ಮನೆಗೆ ಹೋಗಿದ್ದರು. ಮರುದಿನ ಬರುವವರಿದ್ದರು. ದೀಪ ಹಚ್ಚಿ, ಚಿಲಕ ಹಾಕಿ ನಾವಿಬ್ಬರೂ ಕೂತಿದ್ದೆವು. ಕಥೆ ಅರ್ಧಕ್ಕೆ ಬಂದಿತ್ತು. ಹೊರಗಿನಿಂದ "ಇವಳೇ" ಎಂದು ಕೇಳಿಸಿತು. ಮೆಲ್ಲಗೆ, ಒಂದೇ ಸಲ.

"ದೊಡ್ಡಮ್ಮ, ರಾಯರ ದನಿ ಅಲ್ವಾ?" ಎನ್ನುತ್ತ ನಾನು ಎದ್ದೆ.

ಅವರು ನನ್ನ ಮಣಿಕಟ್ಟು ಹಿಡಿದರು. "ಕೂತ್ಕೋ. ಅವರು ಬರೋದು ನಾಳೆ. ಇನ್ನೆರಡು ಸಲ ಕರೀಲಿ."

ಕಾದೆವು. ಎರಡನೆಯ ಕರೆ ಬರಲಿಲ್ಲ. ದೊಡ್ಡಮ್ಮನ ಮುಖದಲ್ಲಿ ಗೆದ್ದ ಕಳೆ. "ನೋಡಿದ್ಯಾ?" ಎಂದು ಕಥೆ ಮುಂದುವರಿಸಿದರು.

ಆಫೀಸಿನಿಂದ ಬಂದ ನನ್ನ ಯಜಮಾನರು ಗಾಬರಿಯಿಂದ ಬಾಗಿಲು ಬಡಿದಾಗಲೇ ನಾವು ಚಿಲಕ ತೆಗೆದದ್ದು. ರಾಯರು ಮೆಟ್ಟಿಲ ಮೇಲೆ ಕೂತು ಬಾಗಿಲಿಗೆ ತಲೆ ಒರಗಿಸಿದ್ದರು. ಮೈ ತಣ್ಣಗಾಗಿತ್ತು. ಎದೆನೋವು ಬಂದು ಒಂದು ದಿನ ಮೊದಲೇ ಹೊರಟುಬಿಟ್ಟಿದ್ದರಂತೆ. ಬೇಗ ನೋಡಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. "ನಿಮಗೇನು ಗೊತ್ತು? ಬಾಗಿಲ ಒಳಗಿದ್ದವಳು ನಾನು" ಎಂದರು ದೊಡ್ಡಮ್ಮ.

ಆಮೇಲೆ ಅವರು ಒಂದು ಕಥೆಯನ್ನೂ ಹೇಳಲಿಲ್ಲ. ಬಡಗಿಯನ್ನು ಕರೆಸಿ ಬೀದಿ ಬಾಗಿಲ ಚಿಲಕ ಕೀಳಿಸಿದರು. ಕಾಗೆ ಕೂಗಿದರೂ, ಯಾರದೋ ಮನೆಯ ಮಗು ಅತ್ತರೂ "ಬಂದೆ, ಬಂದೆ" ಎಂದು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದರು. ಸೊಪ್ಪಿನವಳು ಹೆದರಿ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ನನ್ನ ಎರಡೂ ಕೈ ಹಿಡಿದುಕೊಂಡರು. "ಅವತ್ತು ಕರೆದದ್ದು ಅವರಲ್ಲ ಅಂತ ಹೇಳೇ. ನಿನ್ನ ದಮ್ಮಯ್ಯ, ದೆವ್ವ ಅನ್ನು."

ಜನ್ಮವಿಡೀ ದೆವ್ವಕ್ಕೆ ಹೆದರಿದ ಹೆಂಗಸು, ಅದು ದೆವ್ವವೇ ಆಗಿರಲಿ ಎಂದು ಅಂಗಲಾಚುತ್ತಿದ್ದರು. ಭಯದ ಕಥೆ ಬರೆಯೋದೇನು ಮಹಾ ಎಂದು ಮೂಗು ಮುರಿಯುವವರು ಅವತ್ತಿನ ಆ ಮುಖ ಕಂಡಿಲ್ಲ, ಬಿಡಿ.

"ದೆವ್ವವೇ ದೊಡ್ಡಮ್ಮ" ಎಂದೆ.

"ಸುಳ್ಳು. ರಾಯರ ದನಿ ಅಂತ ಎದ್ದವಳು ನೀನೇ."

ಕೈ ಬಿಟ್ಟರು.

ಮುಂದಿನ ಚಳಿಗಾಲದಲ್ಲಿ ಜ್ವರ ಬಂದು ಮಲಗಿದರು. ಮಕ್ಕಳಿರಲಿಲ್ಲ, ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಸಂಜೆ ದೀಪ ಹಚ್ಚಿ ತಿರುಗಿ ನೋಡುತ್ತೇನೆ, ಎದ್ದು ಕೂತಿದ್ದಾರೆ. ಕಿವಿ ಬಾಗಿಲ ಕಡೆಗೆ.

"ಕರೆದ್ರಲ್ವೇನೇ?"

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಹೌದು ದೊಡ್ಡಮ್ಮ. ರಾಯರೇ" ಎಂದೆ.

"ಎಷ್ಟು ಸಲ?"

"ಒಂದೇ ಸಲ."

"ಬಂದೆ" ಎಂದರು. ದಿಂಬಿಗೆ ಒರಗಿದವರು ಮತ್ತೆ ಏಳಲಿಲ್ಲ. ಬಾಗಿಲು ತೆರೆದೇ ಇತ್ತು.