ಮಾಸ್ತರರ ಎರಡು ಸ್ಪೀಕರು

ಹಳೇ ಸಾಮಾನು ಮಾರುವವರದ್ದೂ ಕೊಳ್ಳುವವರದ್ದೂ ಒಂದು ವಾಟ್ಸಾಪ್ ಗುಂಪಿದೆ ನಮ್ಮ ಕಡೆ. ಹೊಲಿಗೆ ಮಷೀನು, ಹಿತ್ತಾಳೆ ಹಂಡೆ, ಯಾರದೋ ಮನೆಯ ತೊಟ್ಟಿಲು, ಎಲ್ಲ ಅಲ್ಲಿ ಬರುತ್ತದೆ. ಸಿರಸಿಯ ನನ್ನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನನಗೆ ಬೇರೆ ಉದ್ಯೋಗ ಇಲ್ಲ, ಬೆಳಿಗ್ಗೆ ಚಾ ಕುಡಿಯುತ್ತ ಅದನ್ನೇ ನೋಡುತ್ತ ಕೂರುತ್ತೇನೆ. ಹೋದ ಚಳಿಗಾಲದಲ್ಲಿ ಒಂದು ದಿನ ಎರಡು ಸ್ಪೀಕರ್ ಪೆಟ್ಟಿಗೆಗಳ ಫೋಟೋ ಬಂತು. ಸೊಂಟದೆತ್ತರದ ಸಾಗುವಾನಿ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಒಂದರ ಮೂಲೆಯಲ್ಲಿ ಸುಟ್ಟ ಕಲೆ. ಆ ಕಲೆ ವೈರು ಬೆಸೆಯುವ ನನ್ನ ಸೋಲ್ಡರಿಂಗ್ ಕಬ್ಬಿಣದ್ದು. ಕೆಳಗೆ ಯಲ್ಲಾಪುರದ ಒಂದು ನಂಬರು, ‘ಯಜಮಾನರು ತೀರಿಕೊಂಡಿದ್ದಾರೆ, ಇಡಲು ಜಾಗವಿಲ್ಲ’ ಅಂತ ಒಂದು ಸಾಲು.

ಯಜಮಾನರು ಯಾರೆಂದು ನನಗೆ ಗೊತ್ತಿತ್ತು. ಸಿದ್ದಾಪುರದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಹಾಡುಗಾರಿಕೆ ಹೇಳಿಕೊಡುತ್ತಿದ್ದ ಮಾಸ್ತರರು. ಇಪ್ಪತ್ತು ವರ್ಷದ ಗೆಳೆತನ ನಮ್ಮದು, ಕಡೆಯ ಆರು ವರ್ಷ ಮಾತಿಲ್ಲ ಕತೆಯಿಲ್ಲ. ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂದಾಗ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಹೆಂಡತಿಗೆ ಹೇಳಿದೆ. “ಇರೋ ಮುಖಾನ ಇಟ್ಕೊಂಡು ಹೋಗ್ರಿ” ಅಂದಳು. ಆದರೂ ಹೋಗಲಿಲ್ಲ. ನಾನು ಅಂಥ ಮನುಷ್ಯ.

ಆ ಸ್ಪೀಕರುಗಳನ್ನು ಹುಬ್ಬಳ್ಳಿಯ ಗುಜರಿಯಿಂದ ಎತ್ತಿ ತಂದು, ತಿಕ್ಕಿ ತೀಡಿ, ಮಾಸ್ತರರಿಗೆ ಕೊಟ್ಟವನೇ ನಾನು. ಒಂದೊಂದು ಪೆಟ್ಟಿಗೆಯೊಳಗೆ ಒಂದೊಂದೇ ದೊಡ್ಡ ಕಾಗದದ ಕೋನು, ದನಿ ಬರುವುದು ಅದು ಅದುರಿಯೇ, ವಿಲಾಯತಿ ಮಾಲು. ಭಾನುವಾರ ಬೆಳಗಿನ ಬಸ್ಸಿಗೆ ನಾನು ಸಿದ್ದಾಪುರಕ್ಕೆ ಹೋಗುತ್ತಿದ್ದೆ. ಅವರು ಎರಡು ಕುರ್ಚಿ ಹಾಕಿ, ರೆಕಾರ್ಡು ಒರೆಸಿ ಇಟ್ಟಿರುತ್ತಿದ್ದರು. ಹಾಡು ಶುರುವಾದರೆ ಎರಡೂ ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆ ತೋರಿಸಿ, “ನೋಡು ಮಾರಾಯಾ, ಅಲ್ಲೇ ಕೂತು ಹಾಡ್ತಾ ಇದ್ದಾರೆ” ಅನ್ನುತ್ತಿದ್ದರು. ಸ್ಪೀಕರು ಸರಿ ಇದ್ದರೆ ಹಾಗೇ ಕೇಳಿಸುವುದು, ದನಿ ಪೆಟ್ಟಿಗೆಯಿಂದ ಬರುವುದಿಲ್ಲ, ನಟ್ಟನಡುವೆ ಬಂದು ಕೂರುತ್ತದೆ. ಮಧ್ಯಾಹ್ನ ಅಲ್ಲೇ ಊಟ. ನಾನು ಹಾಡಲಾರದವನು, ರಾಗದ ಹೆಸರೂ ತಿಳಿಯದವನು. ಕೇಳುವುದನ್ನು ಕಲಿಸಿದವರು ಅವರು.

ಒಂದು ನವರಾತ್ರಿಯ ಹೊತ್ತಿಗೆ ಇಲಿ ಒಂದು ಕೋನನ್ನು ಕಡಿದು ಹಾಕಿತು. ಎರಡೂ ಪೆಟ್ಟಿಗೆ ನನ್ನ ಅಂಗಡಿಗೆ ಬಂದವು. ಕೋನು ಹೊಸದು ಕೂರಿಸಿ, ವೈರು ಬೆಸೆದು, ಭಾನುವಾರ ತೆಗೆದುಕೊಂಡು ಹೋದೆ. ಅಂದು ಮಾಸ್ತರರ ಮನೆ ತುಂಬ ಜನ. ಶಿಷ್ಯರು, ಅವರ ಅಪ್ಪ ಅಮ್ಮ, ಎಲ್ಲರಿಗೂ ಕೇಳಿಸುತ್ತೇನೆಂದು ಕರೆದಿದ್ದರು. ರೆಕಾರ್ಡು ಹಾಕಿ ಐದು ನಿಮಿಷ ಆಗಿರಲಿಲ್ಲ, ಮಾಸ್ತರರ ಹುಬ್ಬು ಗಂಟಾಯಿತು. “ಎಂತೋ ಆಯ್ದು ಮಾರಾಯಾ. ಹಾಡುವವರು ನಡುವೆ ಕೂರ್ತಾ ಇಲ್ಲೆ” ಅಂದರು. ನಾನು ಪರೀಕ್ಷೆ ಮಾಡಿ ತಂದಿದ್ದೇನೆ ಅಂದೆ. ಅದು ಸುಳ್ಳು, ದನಿ ಬರುತ್ತದೋ ಇಲ್ಲವೋ ಅಷ್ಟೇ ನೋಡಿದ್ದೆ. “ಇಲ್ಲೆ, ಏನೋ ತಪ್ಪಿದೆ, ಒಂದ್ಸಲ ಬಿಚ್ಚಿ ನೋಡು” ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

“ಮಾಸ್ತರ್ರೆ, ಪೆಟ್ಟಿಗಿಗೆ ಏನೂ ಆಗಿಲ್ಲ. ನಿಮ್ಮ ಕಿವೀನ ಒಮ್ಮೆ ಡಾಕ್ಟರಿಗೆ ತೋರಸ್ರಿ” ಅಂದೆ.

ಜನ ನಕ್ಕರು. ಆ ನಗು ಕೇಳಿ ನನಗೆ ಖುಷಿಯಾಯಿತು, ಅದನ್ನೂ ಬರೆಯಬೇಕು, ಬಚ್ಚಿಟ್ಟು ಏನು ಬಂತು. ಮಾಸ್ತರರು ನಗಲಿಲ್ಲ. ಎದ್ದು ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿಟ್ಟು ಒಳಗೆ ಹೋದರು. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಆಡಿದ ಮಾತು ನಾನು ಹತ್ತಿದ ಬಸ್ಸಿಗಿಂತ ಮೊದಲು ಊರೂರು ಸೇರಿತ್ತು. ಸಂಗೀತದ ಮಾಸ್ತರರಿಗೆ ಕಿವಿ ಮಂದವಂತೆ, ಶ್ರುತಿ ತಪ್ಪಿದರೂ ತಿಳಿಯುವುದಿಲ್ಲವಂತೆ. ಮಕ್ಕಳನ್ನು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಸಿದರು. ಇದು ನನಗೆ ಸಂತೆಯಲ್ಲಿ ಯಾರೋ ಹೇಳಿ ತಿಳಿಯಿತು. ಫೋನು ಮಾಡಬೇಕು ಅಂದುಕೊಂಡೆ. ತಪ್ಪು ಕೇಳಿದರೆ ನನ್ನ ಕೆಲಸ ಕೆಟ್ಟಿತ್ತು ಅಂತ ಒಪ್ಪಿದ ಹಾಗಾಗುತ್ತದಲ್ಲ, ಹಾಗಾಗಿ ಬಿಟ್ಟೆ. ಇವತ್ತು ನಾಳೆ ಅನ್ನುತ್ತ ಆರು ವರ್ಷ ಹೋಯಿತು.

ಫೋಟೋ ನೋಡಿದ ಮರುದಿನವೇ ಯಲ್ಲಾಪುರಕ್ಕೆ ಹೊರಟೆ. ಆ ಪೆಟ್ಟಿಗೆಗಳ ಮುಂದೆ ಒಮ್ಮೆ ಕೂತು ಕೇಳಿದರೆ ಮಾಸ್ತರರಲ್ಲಿ ಕ್ಷಮೆ ಬೇಡಿದ ಹಾಗೆ ಅಂತ ಮನಸ್ಸು ಹೇಳುತ್ತಿತ್ತು. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು. ಸ್ಪೀಕರು ಸರಿಯಾಗೇ ಇದೆ, ತಪ್ಪು ಅವರ ಕಿವಿಯದ್ದೇ ಅಂತ ತಿಳಿದುಬಿಟ್ಟರೆ ನನ್ನ ಎದೆಭಾರ ಅರ್ಧ ಇಳಿಯುತ್ತದೆ. ಸತ್ತವರ ಮೇಲೂ ಗೆಲ್ಲಬೇಕು ನನಗೆ. ಥೂ.

ಆ ನಂಬರು ಮಾಸ್ತರರ ಮಗಳದ್ದು. ಮಾಸ್ತರರ ಹೆಂಡತಿ ಈಗ ಮಗಳ ಮನೆಯಲ್ಲೇ ಇದ್ದಾಳೆ. ಬಾಗಿಲು ತೆಗೆದವಳು ಆಕೆಯೇ. “ಬನ್ನಿ ಅಣ್ಣ. ಆಸ್ರಿಗೆ ಎಂತ ಮಾಡ್ಲಿ? ಚಾ ಅಡ್ಡಿಲ್ಲ ಅಲ್ದಾ?” ಅಂದಳು. ಚಾ ಕುಡಿದೆ. ರಸ್ತೆಯ ಬಗ್ಗೆ, ಚಳಿಯ ಬಗ್ಗೆ ಮಾತಾಡಿದೆ. ನಾನು ಏನೋ ಹೇಳುತ್ತೇನೆಂದು ಆಕೆ ಎದುರಿಗೇ ಕೂತಿದ್ದಳು. ನಾನು ಸ್ಪೀಕರಿನ ವೈರು ಎಲ್ಲಿ ಅಂತ ಕೇಳಿದೆ. ವೈರುಗಳನ್ನು ಮನೆ ಖಾಲಿ ಮಾಡುವಾಗ ಎಸೆದೆವು ಅಂದಳು, ದರ ಕೂಡ ಹೇಳಲಿಲ್ಲ, “ನಿಮಗೆ ತಿಳಿದದ್ದು ಕೊಡಿ” ಅಂದಳು. ಪೆಟ್ಟಿಗೆಗಳನ್ನು ಗೂಡ್ಸ್ ಟೆಂಪೋಗೆ ಹೇರಿಸಿ ಸಿರಸಿಗೆ ತಂದೆ.

ಹೊಸ ವೈರು ಹಾಕಿದೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ರೆಕಾರ್ಡು ಹಾಕಿ ಕುರ್ಚಿಯಲ್ಲಿ ಕೂತೆ. ಎರಡು ನಿಮಿಷ ಸಾಕಾಯಿತು. ದನಿ ಕೋಣೆ ತುಂಬ ಹರಡಿಕೊಂಡಿತ್ತು, ಒಂದು ಕಡೆ ಅಂತ ಇರಲಿಲ್ಲ. ತಬಲಾ ಜೋಡಿಯ ಡಗ್ಗಾದ ಗುಂಗು ಸತ್ತುಹೋಗಿತ್ತು. ಹಾಡುವವರು ನಡುವೆ ಕೂರಲೇ ಇಲ್ಲ.

ಅವತ್ತು ಇದು ನನಗೆ ಯಾಕೆ ಕೇಳಿಸಲಿಲ್ಲ? ಅವತ್ತು ನಾನು ಕೇಳಿರಲೇ ಇಲ್ಲ, ಶಭಾಸ್‌ಗಿರಿಗೆ ಕಾಯುತ್ತ ನಿಂತಿದ್ದೆ.

ಟಾರ್ಚಿನ ಸೆಲ್ ಒಂದನ್ನು ತಂದು ಎರಡು ತುಂಡು ವೈರಿನಿಂದ ಪೆಟ್ಟಿಗೆಯ ಹಿಂದೆ ಮುಟ್ಟಿಸಿದೆ. ಕಲಿಯುವವರೂ ಮಾಡುವ ಪರೀಕ್ಷೆ ಇದು. ಪ್ಲಸ್ಸು ಮೈನಸ್ಸು ಸರಿ ಇದ್ದರೆ ಕೋನು ಮುಂದಕ್ಕೆ ಜಿಗಿಯಬೇಕು. ಒಂದು ಮುಂದಕ್ಕೆ ಜಿಗಿಯಿತು. ಇನ್ನೊಂದು ಹಿಂದಕ್ಕೆ ಸರಿಯಿತು. ಒಂದು ದಬ್ಬುವ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು, ದನಿ ಎಲ್ಲಿ ಕೂರಬೇಕು.

ಎರಡನೆಯ ಪೆಟ್ಟಿಗೆಯ ಹಿಂಬದಿ ಹಲಗೆ ಬಿಚ್ಚಿದೆ. ಪ್ಲಸ್ಸಿನ ಕಡೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡುವುದು ನನ್ನ ಪದ್ಧತಿ, ಕೆಲಸ ಕಲಿಸಿದ ಗುರುಗಳಿಂದ ಬಂದದ್ದು. ಬಣ್ಣ ಸಿಪ್ಪೆ ಏಳುತ್ತದೆ, ಎಣ್ಣೆ ಕುಂಕುಮ ಏಳುವುದಿಲ್ಲ. ಬೊಟ್ಟು ಇತ್ತು, ಕೆಂಪು ವೈರನ್ನು ಅದರ ಪಕ್ಕದಲ್ಲೇ ಬೆಸೆದಿದ್ದೆ. ಬೆಳಕು ಹಿಡಿದು ನೋಡಿದರೆ ಕೆಂಪಿನ ಸುತ್ತ ಹಳದಿ ಅಂಚು. ಕುಂಕುಮದ ಕೆಳಗೆ ಅರಿಶಿನ.

ನಾನು ಅರಿಶಿನ ಹಚ್ಚುವವನಲ್ಲ. ಆಯುಧಪೂಜೆಯ ದಿನ ನನ್ನ ಹೆಂಡತಿ ಅಂಗಡಿಗೆ ಬಂದು ಮೀಟರು, ಸ್ಕ್ರೂಡ್ರೈವರು, ಸೋಲ್ಡರಿಂಗ್ ಕಬ್ಬಿಣ, ಮೇಜಿನ ಮೇಲೆ ಇದ್ದಬದ್ದದ್ದಕ್ಕೆಲ್ಲ ಅರಿಶಿನ ಕುಂಕುಮ ಇಟ್ಟು ಹೋಗುತ್ತಾಳೆ. ಆ ವರ್ಷ ಬಿಚ್ಚಿಟ್ಟ ಸ್ಪೀಕರಿಗೂ ಭಕ್ತಿಯಿಂದ ಒಂದು ಬೊಟ್ಟು ಇಟ್ಟಿದ್ದಾಳೆ, ಅದು ಮೈನಸ್ಸಿನ ಬದಿಗೆ ಬಿದ್ದಿದೆ. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮರುದಿನ ಬಂದವನು ಬೊಟ್ಟು ನೋಡಿ, ನಾನೇ ಇಟ್ಟದ್ದೆಂದು ಬೆಸೆದುಬಿಟ್ಟಿದ್ದೇನೆ. ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ತನ್ನ ಮೇಲೆ ಹಾಕಿಕೊಂಡು ಕೊರಗುತ್ತಾಳೆ. ಅವಳ ತಪ್ಪಲ್ಲ ಇದು. ಸೆಲ್ಲು ಮುಟ್ಟಿಸಲು ಒಂದು ನಿಮಿಷ ಬೇಡ, ಆ ಒಂದು ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ಮಾರನೆಯ ದಿನ ಮತ್ತೆ ಯಲ್ಲಾಪುರಕ್ಕೆ ಹೋದೆ. ಈ ಸಲ ಚಾ ಬರುವ ಮೊದಲೇ ಹೇಳಿದೆ. “ತಂಗಿ, ಮಾಸ್ತರ್ರು ಹೇಳಿದ್ದ ಖರೆ. ತಪ್ಪು ನಂದು. ವೈರು ಉಲ್ಟಾ ಬೆಸೆದಿದ್ದೆ.”

“ಅವರಿಗೆ ಗೊತ್ತಿತ್ತು ಅಣ್ಣ” ಅಂದಳು. “ಅದೇ ವಾರ ಒಂದು ಪೆಟ್ಟಿಗೆ ಹಿಂಬದಿಯ ವೈರು ಅದಲು ಬದಲು ಮಾಡಿ ಹಾಕ್ಕಂಡ್ರು. ಸರಿ ಆಯ್ತು. ಆಮೇಲೆ ದಿನಾ ಹಾಡು ಕೇಳ್ತಿದ್ರು.”

“ಹಂಗಾರ ನನಗ ಯಾಕ ಹೇಳಲಿಲ್ಲ?”

“ನಾನೂ ಅದೇ ಕೇಳಿದೆ. ಪೆಟ್ಟಿಗೆ ಒಳಗಿಂದು ಯಾರ ಹತ್ರಾದ್ರೂ ಸರಿ ಮಾಡಿಸಿ ಅಂದೆ. ಬೇಡ, ಅವನೇ ಬರ್ಲಿ, ಅವನ ಕೈಯಲ್ಲೇ ಬಿಚ್ಚಿಸ್ವ ಅಂದ್ರು. ಮೊದಲು ಸಿಟ್ಟಿತ್ತು. ಆಮೇಲೆ ಬರೀ ಕಾಯ್ತಿದ್ರು. ಕಡೇ ವರ್ಷ ಕಲಿಯೋಕೆ ಒಂದು ಮಗುವೂ ಬರ್ತಿರ್ಲಿಲ್ಲ. ಒಬ್ರೇ ಹಾಕ್ಕಂಡು ಒಬ್ರೇ ಕೇಳ್ತಿದ್ರು.”

ನನಗೆ ಅಳು ತಡೆಯಲಾಗಲಿಲ್ಲ. ಅರವತ್ತೆಂಟರ ಗಂಡಸು, ಕಂಡವರ ಮಗಳ ಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಆಕೆ ಒಳಗಿಂದ ಚಾ ತಂದು ಮುಂದಿಟ್ಟಳು.

“ಅವರ ಕಿವಿ ಸರಿ ಇತ್ತು ತಂಗಿ” ಅಂದೆ. “ಕಡೀತನಕ ಸರಿ ಇತ್ತು.”

“ನಂಗೆ ಯಾಕೆ ಹೇಳ್ತೀರಿ ಅಣ್ಣ” ಅಂದಳು. “ನಂಗೆ ಗೊತ್ತೇ ಇತ್ತು. ಅವತ್ತು ಜನ ನಕ್ಕರಲ್ಲ, ಅವ್ರಿಗೆ ಹೇಳ್ಬೇಕಿತ್ತು ನೀವು, ನಮ್ಮನೆಯವರು ಇದ್ದಾಗ.”