ಗಣಿ ಮುದುಕರ ಮುಂದೆ ಎರಡು ಜಿಗಿತ

ಕಬನೂರಿನ ನಮ್ಮ ಶೆಡ್ಡಿನಲ್ಲಿ ಅಪ್ಪ ಕೂಡಿಸಿದ ಒಂದು ಹಳೆಯ ಝೆಕ್ ಮಗ್ಗವಿದೆ. ಅದರ ಹಲ್ಲುಗಾಲಿ ಮುರಿದು ಮಗ್ಗ ನಿಂತೇಬಿಟ್ಟಿತು. ಕೊಲ್ಹಾಪುರದ ಫೌಂಡ್ರಿಯಲ್ಲಿ ಅಂಥದ್ದೇ ಎರಕ ಹೊಯ್ಯಿಸಿದೆ, ವಾರದಲ್ಲಿ ಹಲ್ಲುದುರಿಸಿಕೊಂಡಿತು. ಗುಜರಿಗೆ ಹಾಕಿ ಎಂದರು ಎಲ್ಲರೂ. ನಾನು ಹಟಮಾರಿ. ಝೆಕ್ ದೇಶದ ಹಳ್ಳಿಯೊಂದರಲ್ಲಿ ಒಬ್ಬ ಮುದುಕನ ಹತ್ತಿರ ಅಂಥ ಗಾಲಿ ಇದೆಯೆಂದು ಗೊತ್ತಾದದ್ದೇ ತಡ, ಹೆಂಡತಿಯನ್ನೂ ಕಟ್ಟಿಕೊಂಡು ಹೊರಟೆ.

ಅದು ಗಣಿಯ ಹಳ್ಳಿ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಮುದುಕರು ಮಾತ್ರ ಇನ್ನೂ ಪಾಳಿಯ ಹೊತ್ತಿಗೇ ಏಳುತ್ತಾರೆ. ನಮ್ಮ ಮುದುಕ ಗಾಲಿಯನ್ನು ಮೇಜಿನ ಮೇಲಿಟ್ಟ, ಕೈಗೆ ಕೊಡಲಿಲ್ಲ. ತೀರಿಹೋದ ಹೆಂಡತಿ ನಡೆಸುತ್ತಿದ್ದ ಮಗ್ಗದ್ದಂತೆ, ಗಣಿಯವರಿಗಲ್ಲದೆ ಪರರಿಗೆ ಕೊಡುವುದಿಲ್ಲವಂತೆ. ಅವನ ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು.

ಗಣಿಯವನಾಗಲು ಅಲ್ಲೊಂದು ಪದ್ಧತಿ, ಅದಕ್ಕೆ ಊರ ಮುದುಕರೆಲ್ಲ ಅವನ ಮನೆಯಲ್ಲಿ ಕೂಡಿದರು. ಗಣಿಯೊಳಗೆ ಕಲ್ಲಿನ ಮೇಲೆ ಕೂರುವಾಗ ಕುಂಡಿಗೆ ಕಟ್ಟಿಕೊಳ್ಳುತ್ತಿದ್ದ ಚರ್ಮವನ್ನು ಇಬ್ಬರು ಹಿರಿಯರು ಅಡ್ಡ ಹಿಡಿಯುತ್ತಾರೆ. ಬಿಯರ್ ಕುಡಿದು ಅದನ್ನು ಜಿಗಿಯಬೇಕು. ನಾವು ಲಿಂಗ ಕಟ್ಟಿದವರು, ಬಿಯರ್ ಬೇಡವೆಂದೆ. ಮುದುಕರು ಗೊಣಗಿ ಮಜ್ಜಿಗೆಗೆ ಒಪ್ಪಿದರು.

ಜಿಗಿದೆ. ನನ್ನ ಹೊಟ್ಟೆ ನನಗಿಂತ ತುಸು ತಡವಾಗಿ ಆ ಬದಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಲಿ ಇನ್ನೇನು ಕೈಗೆ ಬರಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ನಿಂತಳು.

"ಹಿರ್ಯಾರ ಕೈ ದಾಟೀರಲ್ರೀ, ಬುದ್ಧಿ ಐತೇನ್ರಿ ನಿಮಗ? ಮೊದ್ಲ ಹೊಳ್ಳಿ ದಾಟ್ರಿ."

ನಮ್ಮ ಕಡೆ ಯಾರನ್ನಾದರೂ ದಾಟಿದರೆ ತಿರುಗಿ ಹಿಂದಕ್ಕೆ ದಾಟಬೇಕು. ಹುಟ್ಟಿದಾಗಿನಿಂದ ಬಂದ ರೂಢಿ. ಕಾಲು ನನ್ನನ್ನು ಕೇಳಲಿಲ್ಲ. ಹಿಂದಕ್ಕೆ ಜಿಗಿದೇಬಿಟ್ಟೆ.

ನಾನೀಗ ಗಣಿಯವನೋ ಅಲ್ಲವೋ ಎಂದು ಮುದುಕರಲ್ಲಿ ಜಗಳವೇ ಹತ್ತಿತು. ಅಪ್ಪನ ಮಗ್ಗದ ಕಥೆ ಮುಗಿಯಿತೆಂದು ನನಗೆ ಅಳು ಬರುವಂತಾಯಿತು. ಹೆಂಡತಿಯ ಮೇಲಿನ ಸಿಟ್ಟು ನೆತ್ತಿಗೇರಿತ್ತು, ಆಡಿ ತೋರಿಸುವ ಧೈರ್ಯವಿರಲಿಲ್ಲ ಅಷ್ಟೆ.

ಹಿಂದಕ್ಕೆ ಜಿಗಿದರೆ ಏನಾಗುತ್ತದೆ ಎಂದು ಮುದುಕ ಮೊಮ್ಮಗಳಿಂದ ಕೇಳಿಸಿದ. ದಾಟಿದ್ದು ದಾಟದಂತೆಯೇ ಆಗುತ್ತದೆ ಎಂದೆ.

ಅವನು ಆ ಚರ್ಮವನ್ನು ತೋರಿಸಿ ಮಾತಾಡಿದ. ಗಣಿ ಮುಚ್ಚಿದ ದಿನ ಎಲ್ಲರಿಗೂ ಮನೆಗೆ ಹೋಗಿ ಎಂದರಂತೆ. ಹೇಗೆ ಹೋಗಬೇಕೆಂದು ಯಾರೂ ಹೇಳಲಿಲ್ಲವಂತೆ. ಹಾಗೆಂದವನೇ ಮೇಲೆದ್ದ. ನನ್ನ ಹೆಂಡತಿ ಅವನ ಕೈ ಹಿಡಿದಳು. ಮುದುಕ ಚರ್ಮವನ್ನು ಹಿಂದಕ್ಕೆ ದಾಟಿ ಈಚೆಗೆ ಬಂದ. ಉಳಿದವರು ಅವನ ಹಿಂದೆ ಸಾಲು ನಿಂತರು, ಒಬ್ಬನಂತೂ ಊರುಗೋಲು ಸಮೇತ.

ತಾನೇ ಈಗ ಗಣಿಯವನಲ್ಲ, ಆದ್ದರಿಂದ ಗಣಿಯವರಿಗೇ ಕೊಡಬೇಕೆಂಬ ಕಟ್ಟಳೆಯೂ ಇಲ್ಲ ಎಂದು ಮುದುಕ ಹೇಳಿಸಿದ. ನಾನು ಎರಡೂ ಕೈ ಚಾಚಿದೆ. ಅವನು ನನ್ನನ್ನು ಬಿಟ್ಟು ಮುಂದೆ ಹೋಗಿ, ಗಾಲಿಯನ್ನು ನನ್ನ ಹೆಂಡತಿಯ ಉಡಿಯಲ್ಲಿ ಹಾಕಿದ.