ಮುನಿಯಪ್ಪ ಎದ್ದು ನಿಂತದ್ದು

ಕುರ್ಚಿಗಳು ನೆಲಕ್ಕೆ ಉಜ್ಜಿ ಹಿಂದೆ ಸರಿಯುವ ಸದ್ದು. ಮೊನ್ನೆ ಭಾನುವಾರ ಜಯನಗರದ ಮನೆಯಲ್ಲಿ ಮೊಮ್ಮಗಳು ಹಾಕಿದ ಹಳೆಯ ಮಾಫಿಯಾ ಸಿನಿಮಾದಲ್ಲಿ, ಬಾಸ್ ಹೋಟೆಲಿನೊಳಗೆ ಕಾಲಿಟ್ಟೊಡನೆ ಊಟಕ್ಕೆ ಕೂತವರೆಲ್ಲ ಎದ್ದು ನಿಂತರು. "ಎಂಥಾ ರೆಸ್ಪೆಕ್ಟ್ ನೋಡಜ್ಜಿ, ಸಖತ್ ಅಲ್ವಾ?" ಎಂದಳು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಆ ಸದ್ದು ನನಗೆ ಗೊತ್ತಿತ್ತು.

ಸುದ್ದಗುಂಟೆಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಮನೆಯ ಜಗಲಿಗೆ ದೊಡ್ಡಪ್ಪ ಬಂದರೆ ಬೆಂಚುಗಳು ಹಾಗೆಯೇ ಕಿರುಗುಡುತ್ತಿದ್ದವು. ಒಗೆದ ಬಿಳಿ ಪಂಚೆ, ಹೊಗೆಸೊಪ್ಪಿನ ವಾಸನೆ, ನನ್ನ ತಲೆಯ ಮೇಲೆ ಹಗುರವಾಗಿ ಇಳಿಯುವ ದೊಡ್ಡ ಕೈ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಕಾನ್ವೆಂಟಿಗೆ ಸೇರಿಸಿದವರು ಅವರೇ. ಸೈಕಲ್ಲಿನ ಬಾರಿಗೆ ಟವಲು ಮಡಿಸಿ ಹಾಸಿ, ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಊರಿನ ಯಾವ ಜಮೀನು ಯಾರ ಕೈಸೇರಬೇಕು, ಯಾರು ಬಿಟ್ಟುಹೋಗಬೇಕು ಎಂಬುದೆಲ್ಲ ಆ ಜಗಲಿಯಲ್ಲೇ ತೀರ್ಮಾನವಾಗುತ್ತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವರನ್ನು ಕಂಡರೂ ಏಳದಿದ್ದವನು ಪಕ್ಕದ ಹೊಲದ ಮುನಿಯಪ್ಪ ಒಬ್ಬನೇ. ತನ್ನ ಬಾವಿಯ ಪಕ್ಕದ ತುಂಡು ನೆಲವನ್ನು ಅವರಿಗೆ ಬರೆದುಕೊಡಲು ಅವನು ಒಪ್ಪಿರಲಿಲ್ಲ. ನಾನು ಸ್ಕೂಲಿನಿಂದ ಬರುವಾಗ ಸೀಬೆಮರದ ಕೆಳಗೆ ಕೂತಲ್ಲಿಂದಲೇ, "ಏನವ್ವಾ, ಇವತ್ತೇನ್ ಕಲ್ತೆ, ನಂಗೂ ಒಸಿ ಹೇಳ್ಕೊಡು" ಎಂದು ಹಣ್ಣು ಚಾಚುತ್ತಿದ್ದ.

ಒಂದು ಸಂಜೆ ಅವನ ಕಾಲು ಮುರಿದರು. ದೊಡ್ಡಪ್ಪನೇ ಎದುರು ನಿಂತು ಹೊಡೆಸಿದರೆಂದು ಅವನು ಪೊಲೀಸರಿಗೆ ಹೇಳಿದ. ಮರುದಿನ ಇನ್‌ಸ್ಪೆಕ್ಟರ್ ಬಂದರು. ದೊಡ್ಡಪ್ಪ ನನ್ನನ್ನು ಕರೆದು, ಯೂನಿಫಾರ್ಮಿನ ಕಾಲರ್ ಸರಿಮಾಡಿ, "ನಿನ್ನೆ ಸಾಯಂಕಾಲ ನಾನ್ ಮನೇಲೇ ಇದ್ದೆ ಅಂತ ಸಾಹೇಬ್ರಿಗೆ ಇಂಗ್ಲೀಷಲ್ಲಿ ಹೇಳು ಕಂದಾ" ಎಂದರು. ಅವರು ಮನೆಯಲ್ಲಿರಲಿಲ್ಲವೆಂದು ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ತಲೆ ತಗ್ಗಿಸಿದಳು. "ಮೈ ಅಂಕಲ್ ವಾಸ್ ಅಟ್ ಹೋಮ್, ಸರ್. ಹೀ ವಾಸ್ ಚೆಕಿಂಗ್ ಮೈ ಹೋಮ್‌ವರ್ಕ್" ಎಂದೆ. ದೊಡ್ಡಪ್ಪ ಹೆಬ್ಬೆಟ್ಟು ಒತ್ತುವವರು, ಅವರಿಗೆ ಅಕ್ಷರವೇ ಬರುತ್ತಿರಲಿಲ್ಲ. ಅದು ಇನ್‌ಸ್ಪೆಕ್ಟರಿಗೂ ಗೊತ್ತಿದ್ದ ಸಂಗತಿ. ಆದರೂ ವೆರಿ ಗುಡ್ ಎಂದು, ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದರು. ದೊಡ್ಡಪ್ಪನ ಕಣ್ಣು ಹೆಮ್ಮೆಯಿಂದ ತುಂಬಿತ್ತು. ಹೇಳಿಬಿಡುತ್ತೇನೆ, ಆ ಕ್ಷಣ ನನಗೂ ಹೆಮ್ಮೆಯಾಗಿತ್ತು.

ಕೆಲವು ತಿಂಗಳ ಮೇಲೆ ಸ್ಕೂಲಿನಿಂದ ಬರುತ್ತಿದ್ದೆ. ಸೀಬೆಮರದ ಕೆಳಗೆ ಮುನಿಯಪ್ಪ ಕೂತಿದ್ದ. ಬಾವಿಯ ಸುತ್ತ ಆಗಲೇ ನಮ್ಮ ಕಲ್ಲುಕಂಬಗಳು ನಿಂತಿದ್ದವು. ನನ್ನನ್ನು ಕಂಡು ಅವನು ಮರ ಹಿಡಿದು, ಕೋಲೂರಿ, ನಿಧಾನವಾಗಿ ಎದ್ದು ನಿಂತ. ನನಗಾಗ ಒಂಬತ್ತು ವರ್ಷ. "ಹೋಗ್ಬನ್ನಿ ಅಮ್ಮಾ" ಎಂದ.

ಆ ಜಗಲಿ, ಬಾವಿ, ಸೀಬೆಮರ ಯಾವುದೂ ಈಗಿಲ್ಲ. ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಸೈಕಲ್ಲಿನ ಮೇಲಿನ ಆ ಟವಲಿನ ಮೆತ್ತನೆ ಮಾತ್ರ ನನಗೆ ಇವತ್ತಿಗೂ ನೆನಪಿದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರೆ ನಿಮಗೆ ಗೊತ್ತಿರುತ್ತದೆ, ಎಲ್ಲ ತಿಳಿದ ಮೇಲೂ ಪ್ರೀತಿ ಹೋಗುವುದಿಲ್ಲ.

"ಸೌಂಡ್ ಆಫ್ ಮಾಡು ಪುಟ್ಟಿ" ಎಂದೆ ಮೊಮ್ಮಗಳಿಗೆ. ಸದ್ದಿಲ್ಲದ ಪರದೆಯಲ್ಲಿ ಬಾಸ್ ಇನ್ನೊಂದು ಕೋಣೆಗೆ ಹೋದ. ಅಲ್ಲಿದ್ದವರೂ ಎದ್ದು ನಿಂತರು.